ಮರ ಹತ್ತುವ ಬಾತು, ಕತ್ತಲಲ್ಲಿ ಹಾಕುವ ಸಿಳ್ಳೆ

ಪ್ರಶ್ನೆ: ನಮ್ಮೂರು ಮಂಡ್ಯದ ಕಡೆ. ಮನೆ ಕೆರೆ ಏರಿಯ ಕೆಳಗೇ ಇದೆ. ಮಳೆಗಾಲ ಶುರುವಾದಾಗಿನಿಂದ ದಿನಾ ಕತ್ತಲಾಗುವ ಹೊತ್ತಿಗೆ ಯಾವುವೋ ಹಕ್ಕಿಗಳು ಸಿಳ್ಳೆ ಹಾಕುತ್ತಾ ಮನೆಯ ಮೇಲೆ ಹಾರಿಹೋಗುತ್ತವೆ. ಹಗಲಲ್ಲಿ ಕೆರೆಯಲ್ಲಿ ಕಂದು ಬಣ್ಣದ ಸಣ್ಣ ಬಾತುಗಳ ಹಿಂಡು ಕಾಣುತ್ತದೆ. ಮೊನ್ನೆ ಅವುಗಳಲ್ಲಿ ಎರಡು ತೂಬಿನ ಪಕ್ಕದ ಹಳೇ ಮಾವಿನ ಮರದ ಕೊಂಬೆಯ ಮೇಲೆ ಕೂತಿದ್ದವು! ಬಾತು ಮರ ಹತ್ತುತ್ತದೆಯೇ? ಇವು ಹೊರದೇಶದಿಂದ ಬಂದವು ಎಂದು ಊರಲ್ಲಿ ಹೇಳುತ್ತಾರೆ, ನಿಜವೇ? ಭತ್ತಕ್ಕೆ ತೊಂದರೆ ಇದೆಯೇ? ಮರಿ ಸಿಕ್ಕರೆ ಸಾಕಬಹುದಾ ಅಂತ ನನ್ನ ಮಗ ಬೇರೆ ಕೇಳುತ್ತಿದ್ದಾನೆ.

ಉತ್ತರ: ಮರದ ಕೊಂಬೆಯ ಮೇಲೆ ಕೂತಿದ್ದವು ಎಂದು ನೀವು ಬರೆದ ಸಾಲಿನಲ್ಲೇ ಅರ್ಧ ಉತ್ತರ ಇದೆ. ಇನ್ನರ್ಧ ಆ ಸಿಳ್ಳೆಯಲ್ಲಿದೆ. ಕಂದು ಬಣ್ಣ, ಸಣ್ಣ ಗಾತ್ರ, ಕತ್ತಲಾದ ಮೇಲೆ ಹಾರಾಟ, ಹಾರುವಾಗ ಸಿಳ್ಳೆ, ಹಗಲಲ್ಲಿ ಮರ. ಇಷ್ಟೂ ಒಟ್ಟಿಗೆ ಕೂಡಿಬಂದರೆ ನಿಮ್ಮ ಕಡೆ ಅದು ಸಿಳ್ಳೆ ಬಾತು ಎಂದು ಕಣ್ಣು ಮುಚ್ಚಿ ಹೇಳಬಹುದು. ಸ್ವಲ್ಪ ದೊಡ್ಡದಾದ ಇನ್ನೊಂದು ಜಾತಿಯೂ ಇರುವುದರಿಂದ ಪುಸ್ತಕಗಳಲ್ಲಿ ಇದನ್ನು ಕಿರು ಸಿಳ್ಳೆ ಬಾತು ಎನ್ನುತ್ತಾರೆ. ಇಲ್ಲಿ ಸುಮ್ನೆ ಸಿಳ್ಳೆ ಬಾತು ಎಂದರೆ ಸಾಕು.

ಈ ಹಕ್ಕಿಯ ಹೆಸರುಗಳೇ ಒಂದು ಚಂದ. ಮಲಯಾಳಿಗಳು ಚೂಳನ್ ಎರಂಡ ಎನ್ನುತ್ತಾರೆ, ಅದೂ ಸಿಳ್ಳೆ ಹಾಕುವ ಬಾತು ಎಂದೇ. ಹಿಂದಿಯಲ್ಲಿ ಸಿಲ್ಹಿ, ಬಂಗಾಳಿಯಲ್ಲಿ ಸರಾಲಿ, ಇಂಡೋನೇಷ್ಯಾದಲ್ಲಿ ಬೆಲಿಬಿಸ್. ವೈಜ್ಞಾನಿಕ ಹೆಸರು ಡೆಂಡ್ರೊಸಿಗ್ನಾ ಜವಾನಿಕಾ. ಮೊದಲ ಪದಕ್ಕೆ ಮರದ ಹಂಸ ಎಂದು ಅರ್ಥ. ಎರಡನೆಯದು ಜಾವಾ ದ್ವೀಪದ ನೆನಪು. 1821ರಲ್ಲಿ ಥಾಮಸ್ ಹಾರ್ಸ್‌ಫೀಲ್ಡ್ ಈ ಹಕ್ಕಿಯನ್ನು ಜಾವಾದಿಂದ ವಿವರಿಸಿದ, ಅದೇ ಹೆಸರು ಉಳಿದುಕೊಂಡಿತು. ಹಾಗಂತ ಇದು ಜಾವಾದ ಹಕ್ಕಿ ಎಂದುಕೊಳ್ಳಬೇಡಿ. ಪಾಕಿಸ್ತಾನದ ಬಯಲಿನಿಂದ ಭಾರತ, ಶ್ರೀಲಂಕಾ, ಬಾಂಗ್ಲಾದೇಶ, ಮ್ಯಾನ್ಮಾರ್, ಥಾಯ್ಲೆಂಡ್, ವಿಯೆಟ್ನಾಂ, ಅಲ್ಲಿಂದ ಕೆಳಗೆ ಇಂಡೋನೇಷ್ಯಾದವರೆಗೆ ಎಲ್ಲಿ ಬೆಚ್ಚಗಿನ ನೀರು, ಜೊಂಡು, ಭತ್ತದ ಗದ್ದೆ ಇದೆಯೋ ಅಲ್ಲೆಲ್ಲ ಇದೆ. ಅಂದಹಾಗೆ, ನೀವು ಕೇಳಿದ ಹೊರದೇಶದ ಪ್ರಶ್ನೆಗೆ ಇಲ್ಲಿಯೇ ಉತ್ತರ ಸಿಕ್ಕಿತು. ಇವು ಎಲ್ಲಿಂದಲೋ ಬಂದವಲ್ಲ. ನಿಮ್ಮೂರಿನವೇ.

ಊರವರು ಹಾಗೆ ಹೇಳುವುದರಲ್ಲಿ ತಪ್ಪೇನಿಲ್ಲ. ಚಳಿಗಾಲಕ್ಕೆ ನಮ್ಮ ಕೆರೆಗಳಿಗೆ ಉತ್ತರದಿಂದ ಬಾತುಗಳು ಬರುವುದು ನಿಜ. ಸೂಜಿಬಾಲದ ಬಾತು, ಚಮಚದಂಥ ಕೊಕ್ಕಿನ ಬಾತು, ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೆಸರು ತಂದ ಪಟ್ಟೆತಲೆ ಹೆಬ್ಬಾತು, ಇವೆಲ್ಲ ಹಿಮಾಲಯದ ಆಚೆಯಿಂದ ಬರುವ ನೆಂಟರು. ಬೇಸಿಗೆಯ ಹೊತ್ತಿಗೆ ವಾಪಸ್. ಸಿಳ್ಳೆ ಬಾತು ಹಾಗಲ್ಲ. ಅದು ಓಡಾಡುವುದು ನೀರಿನ ಹಿಂದೆ. ಒಂದು ಕೆರೆ ಬತ್ತಿದರೆ ಇನ್ನೊಂದಕ್ಕೆ, ಅದೂ ಒಣಗಿದರೆ ಹಿನ್ನೀರಿಗೆ. ಮಳೆ ಬಿದ್ದು ಚಿಕ್ಕಪುಟ್ಟ ಕಟ್ಟೆಗಳೆಲ್ಲ ತುಂಬಿದಾಗ ಜೋಡಿಜೋಡಿಯಾಗಿ ಹಂಚಿಹೋಗುತ್ತದೆ. ಮಳೆ ಮುಗಿದು ನೀರು ಇಳಿದಂತೆ ಉಳಿದ ದೊಡ್ಡ ಕೆರೆಗಳಲ್ಲಿ ಗುಂಪು ಸೇರುತ್ತದೆ. ಆಗ ನೂರು, ಇನ್ನೂರು ಒಟ್ಟಿಗೆ ಕಾಣುತ್ತವೆ. ಅರೆ, ಇಷ್ಟೊಂದು ಎಲ್ಲಿಂದ ಬಂದವು ಎಂದು ಜನಕ್ಕೆ ಅನ್ನಿಸುತ್ತದೆ. ಪಕ್ಕದ ಹೋಬಳಿಯಿಂದ ಬಂದಿರುತ್ತವೆ, ಅಷ್ಟೇ.

ಗುರುತಿನ ಮಾತಿಗೆ ಬರೋಣ. ಉದ್ದ ಸುಮಾರು 40 ಸೆಂಟಿಮೀಟರ್, ತೂಕ ಅರ್ಧ ಕಿಲೋ ಆಸುಪಾಸು. ನೆತ್ತಿ ಕಪ್ಪುಗಂದು, ಕತ್ತು ಮತ್ತು ಎದೆ ಮಾಸಲು ಕಂದು, ಹೊಟ್ಟೆ ಇಟ್ಟಿಗೆ ಬಣ್ಣ, ಕೊಕ್ಕು ಮತ್ತು ಕಾಲು ಬೂದು. ಹತ್ತಿರದಿಂದ ನೋಡಿದರೆ ಕಣ್ಣಿನ ಸುತ್ತ ತೆಳುವಾದ ಹಳದಿ ಬಳೆ ಕಾಣುತ್ತದೆ. ಗಂಡು ಹೆಣ್ಣು ನೋಡೋಕೆ ಒಂದೇ ಥರ. ದೊಡ್ಡ ಸಿಳ್ಳೆ ಬಾತಿನಿಂದ ಬೇರೆ ಮಾಡಬೇಕೆಂದರೆ ಹಾರುವಾಗ ಬಾಲದ ಬುಡ ನೋಡಿ. ಕಿರಿಯದಕ್ಕೆ ಅಲ್ಲಿ ಕೆಂಗಂದು, ದೊಡ್ಡದಕ್ಕೆ ಕೆನೆ ಬಿಳುಪು. ಆದರೆ ಆ ದೊಡ್ಡದು ಹೆಚ್ಚಾಗಿ ಬಂಗಾಳ, ಅಸ್ಸಾಂ, ಮಣಿಪುರದ ಕಡೆಯ ಹಕ್ಕಿ. ನಮ್ಮಲ್ಲಿ ಬಲು ಅಪರೂಪ, ಅದರ ಚಿಂತೆ ನಿಮಗೆ ಬೇಡ.

ಬಣ್ಣಕ್ಕಿಂತ ಅದರ ಹಾರಾಟ ಒಳ್ಳೆಯ ಗುರುತು. ಬೇರೆ ಬಾತುಗಳು ಕತ್ತನ್ನು ನೇರ ಮುಂದಕ್ಕೆ ಚಾಚಿ ಬಾಣದ ಹಾಗೆ ಹೋಗುತ್ತವೆ. ಇದು ತಲೆಯನ್ನು ಮೈಗಿಂತ ಸ್ವಲ್ಪ ಕೆಳಗೆ ಇಳಿಸಿ, ಗೂನುಬೆನ್ನು ಮಾಡಿಕೊಂಡು, ಅಗಲವಾದ ರೆಕ್ಕೆಯನ್ನು ಪಟಪಟ ಬಡಿಯುತ್ತಾ ನಿಧಾನಕ್ಕೆ ಹೋಗುತ್ತದೆ. ಉದ್ದನೆಯ ಕಾಲು ಬಾಲದ ಆಚೆಗೂ ಚಾಚಿರುತ್ತದೆ. ಇಷ್ಟು ರೆಕ್ಕೆ ಬಡಿದೂ ಇಷ್ಟೇನಾ ವೇಗ ಅಂತ ನಗು ಬರುತ್ತದೆ.

ಇನ್ನು ಆ ಸಿಳ್ಳೆ. ಬಾತು ಅಂದ ಕೂಡಲೇ ನಮಗೆ ಕ್ವಾಕ್ ಕ್ವಾಕ್ ನೆನಪಾಗುತ್ತದೆ ಅಲ್ವಾ. ಇದಕ್ಕೆ ಆ ಮಾತೇ ಬರುವುದಿಲ್ಲ. ಎರಡು ಸ್ವರದ, ಸ್ವಲ್ಪ ಉಬ್ಬಸ ಬಂದಂಥ ಸಿಳ್ಳೆ. ಹಾರುವಾಗ ಪದೇ ಪದೇ ಕೂಗುತ್ತಿರುತ್ತದೆ. ಕತ್ತಲಲ್ಲಿ ಹಿಂಡು ಚದುರದೆ ಒಟ್ಟಿಗೆ ಹೋಗಬೇಕಲ್ಲ, ಒಂದಕ್ಕೊಂದು ಎಲ್ಲಿದೆ ಎಂದು ಗೊತ್ತಾಗುವುದು ಈ ಕೂಗಿನಿಂದ. ನಿಮ್ಮ ಮನೆ ಮೇಲೆ ಹೋಗುವುದು ಕೆಲಸಕ್ಕೆ ಹೊರಟ ಗುಂಪು. ಯಾಕೆಂದರೆ ಇವು ಮೇಯುವುದು ಹೆಚ್ಚಾಗಿ ರಾತ್ರಿ. ಹಗಲೆಲ್ಲ ಜೊಂಡಿನ ಮರೆಯಲ್ಲೋ, ಅಂತರಗಂಗೆಯ ಮೇಲೋ, ದಡದಲ್ಲೋ, ಕೊಂಬೆಯಲ್ಲೋ ತೂಕಡಿಸುತ್ತಾ ಕಳೆಯುತ್ತವೆ. ಹೊತ್ತು ಮುಳುಗಿ ಸ್ವಲ್ಪ ಹೊತ್ತಿಗೆ ಎದ್ದು, ಕೆರೆಯ ಮೇಲೆ ಸುತ್ತು ಹಾಕಿ, ಗದ್ದೆ ಬಯಲಿನ ಕಡೆ ಹೊರಡುತ್ತವೆ. ಬೆಳಕು ಹರಿಯುವ ಮುಂಚೆ ವಾಪಸ್. ಬೆಳಿಗ್ಗೆ ಐದರ ಹೊತ್ತಿಗೆ ಎಚ್ಚರವಾಗಿದ್ದರೆ ಕಿವಿಗೊಡಿ, ಅದೇ ಸಿಳ್ಳೆ ಎದುರು ದಿಕ್ಕಿನಿಂದ ಬರುತ್ತದೆ.

ಈಗ ಮರದ ಪ್ರಶ್ನೆ. ನನಗೆ ಈ ಹಕ್ಕಿಯಲ್ಲಿ ತುಂಬಾ ಇಷ್ಟವಾಗುವ ಭಾಗವೂ ಇದೇ.

ಬಾತು ಮರದಲ್ಲಿ ಕೂರುವುದು ನಮಗೆ ವಿಚಿತ್ರ ಅನ್ನಿಸುವುದು ಸಾಕಿದ ಬಾತುಗಳನ್ನು ನೋಡಿ ನೋಡಿ. ಸಿಳ್ಳೆ ಬಾತಿಗೆ ಜಾಲಪಾದವೇ ಇದ್ದರೂ ದಪ್ಪನೆಯ, ಅಡ್ಡಕ್ಕೆ ಚಾಚಿದ ಕೊಂಬೆಯ ಮೇಲೆ ಆರಾಮಾಗಿ ನಿಲ್ಲುತ್ತದೆ. ಒಣಗಿದ ಬೋಳು ಕೊಂಬೆ ಸಿಕ್ಕರೆ ಇನ್ನೂ ಒಳ್ಳೆಯದು, ಇಳಿಯಲು ಏಳಲು ಎಲೆ ಅಡ್ಡ ಬರುವುದಿಲ್ಲ. ಮೊದಲೆಲ್ಲ ಇಂಗ್ಲಿಷರು ಇದನ್ನು ಮರಬಾತು ಎಂದೇ ಕರೆಯುತ್ತಿದ್ದರು. ಆದರೆ ನಿಮ್ಮ ಜೋಡಿ ಮಳೆಗಾಲದಲ್ಲಿ ಹಳೇ ಮಾವಿನ ಮರಕ್ಕೆ ಬಂದದ್ದು ಸುಮ್ನೆ ಕೂರಲು ಇರಲಿಕ್ಕಿಲ್ಲ. ಅವು ಪೊಟರೆ ಹುಡುಕುತ್ತಿರಬೇಕು.

ನಮ್ಮ ಕಡೆ ಇವು ಮೊಟ್ಟೆ ಇಡುವುದು ಮುಖ್ಯವಾಗಿ ಮಳೆಗಾಲದಲ್ಲಿ. ಹಳೆಯ ಮರದ ಪೊಟರೆ ಸಿಕ್ಕರೆ ಅದರಲ್ಲಿ. ಇಲ್ಲವೇ ಕಾಗೆಯೋ ಹದ್ದೋ ಬೆಳ್ಳಕ್ಕಿಯೋ ಕಟ್ಟಿ ಬಿಟ್ಟುಹೋದ ಗೂಡಿನಲ್ಲಿ. ಅದೂ ಇಲ್ಲದಿದ್ದರೆ ನೆಲದಲ್ಲೇ, ಜೊಂಡು ಹುಲ್ಲಿನ ಮಧ್ಯೆ. ಬಿಳಿ ಮೊಟ್ಟೆ, ಸಾಮಾನ್ಯವಾಗಿ 7ರಿಂದ 12. ಒಂದೇ ಗೂಡಿನಲ್ಲಿ 17 ಕಂಡ ದಾಖಲೆಯೂ ಇದೆ. ಅಷ್ಟೂ ಒಬ್ಬಳೇ ತಾಯಿಯದ್ದಾಗಿರಬೇಕೆಂದಿಲ್ಲ. ಒಂದು ಹೆಣ್ಣು ಇನ್ನೊಂದರ ಗೂಡಿಗೆ ಬಂದು ಮೊಟ್ಟೆ ಇಟ್ಟು ಹೋಗುವ ಚಾಳಿ ಸಿಳ್ಳೆ ಬಾತುಗಳಲ್ಲಿ ಇದೆ. ಕೋಗಿಲೆಗೆ ಮಾತ್ರ ಈ ಕೆಟ್ಟ ಹೆಸರು ಬಂದದ್ದು ಅನ್ಯಾಯ.

ಸಾಮಾನ್ಯ ಬಾತುಗಳ ಸಂಸಾರ ಹೇಗೆ ಅಂದರೆ, ಗಂಡಿಗೆ ಮಿಂಚುವ ಬಣ್ಣ, ಹೆಣ್ಣಿಗೆ ಮಣ್ಣಿನ ಬಣ್ಣ. ಕೂಡುವ ಕಾಲ ಮುಗಿದು ಹೆಣ್ಣು ಕಾವಿಗೆ ಕೂತ ಮೇಲೆ ಗಂಡು ಜಾಗ ಖಾಲಿ ಮಾಡುತ್ತದೆ. ಸಿಳ್ಳೆ ಬಾತಿನ ಮನೆಯಲ್ಲಿ ಬೇರೆಯೇ ಪದ್ಧತಿ. ಗಂಡು ಹೆಣ್ಣು ಎರಡೂ ಸರದಿಯ ಮೇಲೆ ಕಾವು ಕೊಡುತ್ತವೆ. ಮೂರು ವಾರ ದಾಟಿ, 22ರಿಂದ 24 ದಿನಕ್ಕೆ ಮರಿ ಬರುತ್ತದೆ. ಆಮೇಲೆ ಮರಿ ನೋಡಿಕೊಳ್ಳುವುದೂ ಇಬ್ಬರೇ. ಜೋಡಿ ವರ್ಷ ವರ್ಷ ಒಟ್ಟಿಗೇ ಉಳಿಯುವುದು ಈ ಗುಂಪಿನ ಗುಣ. ಹಗಲಲ್ಲಿ ಗಮನಿಸಿದರೆ ಒಂದು ಇನ್ನೊಂದರ ಕತ್ತಿನ ಗರಿ ಬಿಡಿಸಿ ಒಪ್ಪ ಮಾಡುವುದು ಕಾಣುತ್ತದೆ. ಬೇರೆ ಬಾತುಗಳಲ್ಲಿ ಈ ಸಲಿಗೆ ಕಾಣುವುದು ಅಪರೂಪ. ಹೆಣ್ಣು ಬಾತು ತನ್ನ ಎದೆಯ ತುಪ್ಪುಳ ಕಿತ್ತು ಗೂಡಿಗೆ ಹಾಸುವುದನ್ನು ನೀವು ಕೇಳಿರಬಹುದು. ತಾನು ಮೇಯಲು ಹೋದಾಗ ಮೊಟ್ಟೆ ತಣ್ಣಗಾಗದಿರಲಿ ಎಂದು ಹೊದಿಸುವ ಕಂಬಳಿ ಅದು. ಸಿಳ್ಳೆ ಬಾತು ಆ ಕೆಲಸಕ್ಕೆ ಹೋಗುವುದಿಲ್ಲ. ಒಬ್ಬರು ಎದ್ದರೆ ಇನ್ನೊಬ್ಬರು ಕೂರುತ್ತಾರೆ, ಕಂಬಳಿ ಯಾಕೆ?

ಇದೆಲ್ಲ ನೋಡಿದರೆ ಇದು ಬಾತಿಗಿಂತ ಹಂಸ, ಹೆಬ್ಬಾತುಗಳ ನಡೆ ಅನ್ನಿಸುತ್ತದೆ. ವಿಜ್ಞಾನಿಗಳೂ ಇವುಗಳನ್ನು ಸಾಮಾನ್ಯ ಬಾತುಗಳ ಜೊತೆ ಸೇರಿಸುವುದಿಲ್ಲ, ಪ್ರತ್ಯೇಕ ಉಪಕುಟುಂಬದಲ್ಲಿ ಇಡುತ್ತಾರೆ. ಬಾತುಗಳ ವಂಶವೃಕ್ಷದಲ್ಲಿ ಬಹಳ ಹಿಂದೆಯೇ ಬೇರೆಯಾಗಿ ಹೊರಟ ಕವಲು ಇದು. ಜಗತ್ತಿನಲ್ಲಿ ಡೆಂಡ್ರೊಸಿಗ್ನಾ ಜಾತಿಗಳು ಒಟ್ಟು 8. ಆಫ್ರಿಕಾ, ಅಮೆರಿಕ, ಆಸ್ಟ್ರೇಲಿಯಾ, ಎಲ್ಲ ಕಡೆ ಇವೆ, ಹೆಚ್ಚಿನವು ಬಿಸಿ ನಾಡುಗಳಲ್ಲೇ. ನಾನು ಮೇಲೆ ಹೇಳಿದ ಆ ದೊಡ್ಡ ಸಿಳ್ಳೆ ಬಾತಂತೂ ಭಾರತ, ಆಫ್ರಿಕಾ, ಎರಡೂ ಅಮೆರಿಕಗಳಲ್ಲಿ ಹರಡಿದೆ. ಅಷ್ಟು ದೂರದೂರ ಇದ್ದರೂ ನೋಡಲು ಒಂದೇ ಥರ. ಇದು ಹೇಗೆ ಎಂದು ಹಕ್ಕಿ ತಜ್ಞರು ಈಗಲೂ ತಲೆ ಕೆರೆದುಕೊಳ್ಳುತ್ತಾರೆ.

ಮರಿಗಳ ವಿಷಯಕ್ಕೆ ಬರುತ್ತೇನೆ. ಹದಿನೈದು ಅಡಿ ಎತ್ತರದ ಪೊಟರೆಯಲ್ಲಿ ಹುಟ್ಟಿದ ಮರಿ ನೀರಿಗೆ ಬರುವುದು ಹೇಗೆ? ಹಾರಲು ರೆಕ್ಕೆ ಬಲಿತಿಲ್ಲ. ತಂದೆ ತಾಯಿ ಗುಟುಕು ಕೊಡುವ ಪದ್ಧತಿ ಬಾತುಗಳಲ್ಲಿ ಇಲ್ಲ. ಹಾಗಾಗಿ ಹುಟ್ಟಿ ಒಂದೆರಡು ದಿನದೊಳಗೆ ಹೊರಗೆ ಬರಲೇಬೇಕು. ಬರುತ್ತವೆ, ಧುಮುಕಿ! ಕೆಳಗಿನಿಂದ ದೊಡ್ಡವು ಕರೆಯುತ್ತವೆ. ಮರಿ ಪೊಟರೆಯ ಬಾಯಿಗೆ ಬಂದು ಒಂದು ಗಳಿಗೆ ಇಣುಕಿ ನೋಡಿ ಬಿದ್ದೇಬಿಡುತ್ತದೆ. ತೂಕ ಹೆಚ್ಚೇನಿಲ್ಲ, ಮೈಯೆಲ್ಲ ತುಪ್ಪುಳ, ಕೆಳಗೆ ಹುಲ್ಲು ತರಗೆಲೆ. ಏನೂ ಆಗುವುದಿಲ್ಲ. ಒಂದು ಸಲ ಮುಂಜಾನೆ, ಕೆರೆ ಕೋಡಿಯ ಹತ್ತಿರದ ಅತ್ತಿ ಮರದಿಂದ ಹೀಗೆ ಮರಿಗಳು ಉದುರುವುದನ್ನು ನೋಡಿದ್ದೆ. ಐದು ಒಂದರ ಹಿಂದೊಂದು ಬಿದ್ದವು. ಆರನೆಯದು ಬಾಗಿಲಲ್ಲೇ ನಿಂತು ಯೋಚಿಸುತ್ತಿತ್ತು. ಕೆಳಗಿನ ಐದೂ ಸಾಲು ಹಿಡಿದು ನೀರಿನ ಕಡೆ ಹೊರಟವು. ಅದನ್ನು ನೋಡಿದ್ದೇ ತಡ, ಆರನೆಯದೂ ಬಿತ್ತು. ನನ್ನ ಪಕ್ಕದಲ್ಲಿ ಎಮ್ಮೆ ಹಿಡಿದು ನಿಂತಿದ್ದ ಅಜ್ಜಿ, ಹಿರಿಮಗನೇ ಇರಬೇಕು ಕಣಪ್ಪಾ ಅದು, ಎಲ್ಲಾ ಲೆಕ್ಕ ಹಾಕ್ತದೆ, ಅಂದರು.

ಮರಿಗಳ ಬಣ್ಣ ದೊಡ್ಡವುಗಳ ಹಾಗಲ್ಲ. ಕಪ್ಪು ಬಿಳಿ ಪಟ್ಟೆ. ಆದ್ದರಿಂದ ಗದ್ದೆ ಬದುವಿನಲ್ಲಿ ಕಂಡರೆ ಬೇರೆ ಯಾವುದೋ ಹಕ್ಕಿಯದು ಅನ್ನಿಸಬಹುದು.

ಭತ್ತಕ್ಕೆ ತೊಂದರೆಯೇ ಎಂದು ಕೇಳಿದ್ದೀರಿ. ಸ್ವಲ್ಪ ಇದೆ, ಇಲ್ಲ ಅನ್ನಲಾರೆ. ಇವುಗಳ ಊಟ ಹೆಚ್ಚಾಗಿ ನೀರುಗಿಡಗಳ ಬೀಜ, ಚಿಗುರು, ಗೆಡ್ಡೆ, ಜೊತೆಗೆ ಬಸವನಹುಳು, ಹುಳು, ಸಣ್ಣ ಮೀನು, ಕಪ್ಪೆ. ಮುಳುಗಿ ಮೇಯುವುದೂ ಗೊತ್ತು. ಭತ್ತವೂ ಈ ಪಟ್ಟಿಯಲ್ಲಿ ಖಂಡಿತ ಇದೆ. ಒಟ್ಲು ಹಾಕಿದ ಮಡಿಗೆ, ಇಲ್ಲವೇ ಮೊಳಕೆ ಬೀಜ ನೇರವಾಗಿ ಚೆಲ್ಲಿದ ಗದ್ದೆಗೆ ರಾತ್ರಿ ಹಿಂಡು ಇಳಿದರೆ ಬೀಜ ಹೋಗುತ್ತದೆ. ನಾಟಿಯಾಗಿ ಬೇರು ಹಿಡಿದ ಪೈರನ್ನು ಅಷ್ಟಾಗಿ ಮುಟ್ಟುವುದಿಲ್ಲ. ಅಲ್ಲಿ ಅವು ಹುಡುಕುವುದು ಕಳೆಯ ಬೀಜ, ಬಸವನಹುಳು. ಕುಯ್ಲಿನ ಮೇಲೆ ಬರುವುದು ಉದುರಿದ ಕಾಳಿಗೆ. ಆದ್ದರಿಂದ ಕಾಯಬೇಕಾದದ್ದು ಬೀಜ ಚೆಲ್ಲಿದ ಮೊದಲ ಕೆಲವು ದಿನ ಮಾತ್ರ. ಒಟ್ಲಿನ ಮೇಲೆ ಹುಲ್ಲು ಹೊದಿಸುವುದು, ಸುತ್ತ ಹೊಳೆಯುವ ರಿಬ್ಬನ್ ಕಟ್ಟುವುದು, ಕತ್ತಲಾಗುವ ಹೊತ್ತಿಗೆ ಒಂದು ಸುತ್ತು ಹೋಗಿ ಬರುವುದು, ಇಷ್ಟು ಸಾಕು. ಬಲೆ ಹಾಸಬೇಡಿ. ಕಾಲು ಸಿಕ್ಕಿಕೊಂಡು ಸಾಯುತ್ತವೆ, ಸಿಳ್ಳೆ ಬಾತು ಮಾತ್ರ ಅಲ್ಲ, ಹಾವು, ಗೂಬೆ ಕೂಡ.

ಇನ್ನೊಂದು ಮಾತು. ಬೀಜಕ್ಕೆ ಕೀಟನಾಶಕ ಬೆರೆಸಿ ಚೆಲ್ಲುವವರಿದ್ದಾರೆ. 1960ರ ದಶಕದಲ್ಲಿ ಅಮೆರಿಕದ ಟೆಕ್ಸಾಸ್ ಮತ್ತು ಲೂಸಿಯಾನಾದ ಭತ್ತದ ಬಯಲಿನಲ್ಲಿ ಬೀಜಕ್ಕೆ ಆಲ್ಡ್ರಿನ್ ಲೇಪಿಸಿ ಬಿತ್ತುತ್ತಿದ್ದರು. ಅದನ್ನು ತಿಂದು ಅಲ್ಲಿನ ದೊಡ್ಡ ಸಿಳ್ಳೆ ಬಾತುಗಳು ಸತ್ತವು, ಸಂಖ್ಯೆ ಕುಸಿದುಹೋಯಿತು. ನಮ್ಮಲ್ಲಿ ಹಾಗೆ ವಿಷ ಬೆರೆಸಿ ಬಿತ್ತಿದರೆ ಆ ಗದ್ದೆಯ ನೀರು ಕೊನೆಗೆ ನಮ್ಮ ಕೆರೆಗೂ ಹೋಗುತ್ತದೆ, ಕೆರೆಯ ಮೀನು ನಮ್ಮ ತಟ್ಟೆಗೂ ಬರುತ್ತದೆ.

ಸದ್ಯಕ್ಕೆ ಜಗತ್ತಿನ ಲೆಕ್ಕದಲ್ಲಿ ಸಿಳ್ಳೆ ಬಾತು ಅಳಿವಿನಂಚಿನ ಹಕ್ಕಿಯಲ್ಲ. ಬೇಟೆಯ ಭಯ ಇನ್ನೂ ಇದೆ, ಆದರೆ ನನಗೆ ಅದಕ್ಕಿಂತ ಜಾಸ್ತಿ ಚಿಂತೆ ಕೆರೆ ‘ಅಭಿವೃದ್ಧಿ’ಯದ್ದು. ನಮ್ಮ ಹತ್ತಿರದ ಒಂದು ಕೆರೆಯಲ್ಲಿ ಹೂಳು ತೆಗೆಯುವ ನೆಪದಲ್ಲಿ ದಡವನ್ನೆಲ್ಲ ಬಾಣಲೆಯ ಹಾಗೆ ಕಡಿದರು. ಜೊಂಡು ಕಿತ್ತರು, ಅಂಗಳದ ಜಾಲಿ ಕಡಿದರು, ಏರಿಯ ಮೇಲಿನ ಪೊಟರೆ ಬಿದ್ದ ಮರವನ್ನು ಅಪಾಯ ಎಂದು ಉರುಳಿಸಿದರು, ಸುತ್ತ ಕಲ್ಲು ಕಟ್ಟಿ ದೀಪ ಹಾಕಿದರು. ಈಗ ನೀರು ತುಂಬಿ ನೋಡಲು ಚೆನ್ನಾಗಿದೆ. ನೀರುಕಾಗೆ ಇದೆ, ನಾಮಕೋಳಿ ಇದೆ. ಸಿಳ್ಳೆ ಬಾತು ಇಲ್ಲ. ಯಾಕೆಂದರೆ ಅದಕ್ಕೆ ಬೇಕಾದದ್ದು ಆಳದ ನೀರಲ್ಲ. ಮೊಣಕಾಲುದ್ದದ ನೀರು, ಹಗಲು ಅಡಗಲು ಜೊಂಡು, ಗೂಡಿಗೆ ಹಳೇ ಮರ, ರಾತ್ರಿಗೆ ಗದ್ದೆ. ಜೊತೆಗೆ ಕತ್ತಲು. ಈ ಐದರಲ್ಲಿ ನಾಲ್ಕನ್ನು ತೆಗೆದು, ಹಕ್ಕಿ ಬರಲಿಲ್ಲ ಎಂದು ದೂರಿದರೆ ಹೇಗೆ?

ಇದಕ್ಕೆ ಎದುರಾದ ಉದಾಹರಣೆಯೂ ಇದೆ. ಕೋಲ್ಕತ್ತಾದ ಪಕ್ಕ, ಹೌರಾದಲ್ಲಿ ರೈಲು ನಿಲ್ದಾಣಕ್ಕೆ ಅಂಟಿಕೊಂಡಂತೆ ಸಾಂತ್ರಾಗಾಛಿ ಎಂಬ ದೊಡ್ಡ ಕೊಳ ಇದೆ. ಸುತ್ತ ಕಟ್ಟಡ, ಗದ್ದಲ. ಆದರೂ ಚಳಿಗಾಲದಲ್ಲಿ ಅಲ್ಲಿ ಸಾವಿರಾರು ಸಿಳ್ಳೆ ಬಾತುಗಳು ಸೇರುತ್ತವೆ. ಕೊಳದ ಜಲಕಳೆಯನ್ನು ಪೂರ್ತಿ ಬಿಟ್ಟರೆ ನೀರೇ ಕಾಣದಂತೆ ಮುಚ್ಚಿಹೋಗುತ್ತದೆ. ಪೂರ್ತಿ ಕಿತ್ತರೆ ಬಾತುಗಳಿಗೆ ಕೂರಲು ಜಾಗ ಇಲ್ಲ. ಅದಕ್ಕೆ ಹಕ್ಕಿಗಳು ಬರುವ ಮುಂಚೆ ಒಂದಷ್ಟನ್ನು ತೆಗೆದು, ಉಳಿದದ್ದನ್ನು ಅಲ್ಲಲ್ಲಿ ನಡುಗಡ್ಡೆಯ ಹಾಗೆ ಬಿಡುತ್ತಾರೆ. ಹಗಲೆಲ್ಲ ಬಾತುಗಳು ಅದರ ಮೇಲೆ ಒತ್ತೊತ್ತಾಗಿ ಕೂತು ನಿದ್ದೆ ಮಾಡುತ್ತವೆ. ನಿಮ್ಮ ಪಂಚಾಯ್ತಿಯಲ್ಲಿ ಕೆರೆ ಕೆಲಸದ ಮಾತು ಬಂದಾಗ ಇದನ್ನು ಹೇಳಿ ನೋಡಿ. ಒಂದು ಮೂಲೆಯ ಜೊಂಡು, ಒಂದು ಹಳೇ ಮರ ಬಿಟ್ಟರೆ ಗುತ್ತಿಗೆದಾರರಿಗೂ ಕೆಲಸ ಕಡಿಮೆಯೇ.

ಇನ್ನು ನಿಮ್ಮ ಮಗನಿಗೆ. ಸಾಕುವ ಆಸೆ ನನಗೆ ಅರ್ಥವಾಗುತ್ತದೆ, ಆ ಮರಿಗಳು ಅಷ್ಟು ಮುದ್ದಾಗಿರುತ್ತವೆ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಈ ಹಕ್ಕಿಯನ್ನು ಹಿಡಿಯುವುದು, ಸಾಕುವುದು, ಮೊಟ್ಟೆ ತೆಗೆಯುವುದು ಎಲ್ಲವೂ ಅಪರಾಧ. ಕಾನೂನಿನ ಮಾತು ಹಾಗಿರಲಿ. ಒಂಟಿ ಮರಿ ಕಂಡ ಕೂಡಲೇ ಅನಾಥ ಅಂದುಕೊಳ್ಳಬೇಡಿ. ಹೆಚ್ಚಿನ ಸಲ ದೊಡ್ಡವು ಪಕ್ಕದ ಜೊಂಡಿನಲ್ಲೇ ಇರುತ್ತವೆ, ನಿಮ್ಮನ್ನು ನೋಡಿ ಸುಮ್ಮನಾಗಿರುತ್ತವೆ. ಮೊದಲು ನಾಯಿಯನ್ನು ಕಟ್ಟಿಹಾಕಿ. ಮರಿ ರಸ್ತೆಯಲ್ಲಿದ್ದರೆ ಮೆಲ್ಲಗೆ ಎತ್ತಿ ಹತ್ತಿರದ ನೀರಿನ ಅಂಚಿನ ಹುಲ್ಲಿಗೆ ಬಿಡಿ, ದೂರ ಹೋಗಿ ಕಾಯಿರಿ. ಮನುಷ್ಯರು ಮುಟ್ಟಿದರೆ ತಾಯಿ ಸೇರಿಸಿಕೊಳ್ಳುವುದಿಲ್ಲ ಎಂಬುದು ಬರೀ ಮಾತು. ಗಾಯವಾಗಿದ್ದರೆ, ಅಥವಾ ಒಂದೆರಡು ಗಂಟೆಯಾದರೂ ಯಾರೂ ಬರದಿದ್ದರೆ, ರಟ್ಟಿನ ಡಬ್ಬಿಯಲ್ಲಿ ಬೆಚ್ಚಗಿಟ್ಟು ಅರಣ್ಯ ಇಲಾಖೆಯವರಿಗೆ ತಿಳಿಸಿ. ಹಾಲು, ಬ್ರೆಡ್ಡು ಕೊಡಬೇಡಿ.

ಅವನಿಗೆ ಸಾಕುವುದಕ್ಕಿಂತ ಒಳ್ಳೆಯ ಕೆಲಸ ಒಂದಿದೆ. ಆ ಮಾವಿನ ಮರದಲ್ಲಿ ಪೊಟರೆ ಇದೆಯೇ ಎಂದು ಕೆಳಗಿನಿಂದಲೇ ನೋಡಲಿ, ಹತ್ತುವುದು ಬೇಡ. ಇದ್ದರೆ, ಸಂಜೆ ಮತ್ತು ಬೆಳಿಗ್ಗೆ ದೂರದಲ್ಲಿ ಕೂತು ಯಾವುದು ಒಳಗೆ ಹೋಯಿತು, ಯಾವುದು ಹೊರಗೆ ಬಂತು, ಎಷ್ಟು ಗಂಟೆಗೆ ಎಂದು ನೋಟ್‌ಬುಕ್ಕಿನಲ್ಲಿ ಬರೆಯಲಿ. ಮೂರು ವಾರ ದಾಟುತ್ತಿದ್ದಂತೆ ಮುಂಜಾನೆ ಬೇಗ ಏಳಬೇಕಾಗುತ್ತದೆ. ಮರಿಗಳು ಧುಮುಕುವುದು ಅವನಿಗೆ ಕಂಡರೆ, ಎಷ್ಟು ಬಿದ್ದವು, ಕೊನೆಯದು ಎಷ್ಟು ಹೊತ್ತು ಯೋಚಿಸಿತು ಎಂದು ನನಗೂ ಒಂದು ಸಾಲು ಬರೆದು ಕಳಿಸಿ.